ಅಚ್ಚ ಸ್ವಾಹಿಲಿ

“ಅಮ್ಮಾ, ನಾನು ಇಲ್ಲಿಂದ ತೆರಳಲಾರೆ. ನನ್ನ ಬಾಲ್ಯವೆಲ್ಲ ಕಳೆದದ್ದು ಇದೇ ಓಣಿಯಲ್ಲಿ,” ಎಂದು ರುಕಿಯಾ ಒಂದಕ್ಷರ ತಪ್ಪದೆ ಒಪ್ಪಿಸಿದಳು.

ಸರದಿಗಾಗಿ ಗೋಡೆಯುದ್ದಕ್ಕೂ ಕೂತಿದ್ದ ಹುಡುಗಿಯರಲ್ಲಿ ಒಬ್ಬಳು, “ವಾರ್ತೆ ಮುಗೀತಾ? ಇನ್ನು ಹವಾಮಾನ ಓದಮ್ಮ,” ಎಂದಳು. ತಗಡಿನ ಚರ್ಚಿನ ತುಂಬ ನಗು.

ಮುತುವಾ ಮಾತ್ರ ನಗಲಿಲ್ಲ. ನೈರೋಬಿಯ ಮತಾರೆ ಎಂಬ ಈ ಕೊಳೆಗೇರಿಯಲ್ಲಿ ಬೆಳೆದು ದೊಡ್ಡವಳಾಗುವ ಹುಡುಗಿಯೊಬ್ಬಳ ಕಥೆಯನ್ನು ಸ್ವಾಹಿಲಿಯಲ್ಲಿ ಸಿನಿಮಾ ಮಾಡಲು ಹೊರಟಿದ್ದ ಅವನು ಆ ಪಾತ್ರಕ್ಕಾಗಿ ಬೆಳಗಿನಿಂದ ಹುಡುಗಿಯರನ್ನು ನೋಡುತ್ತಿದ್ದ. ರುಕಿಯಾಳ ಮುಖ ಅವನಿಗೆ ಹಿಡಿಸಿತ್ತು. ರುಕಿಯಾ ಅಂತೂ ಆ ಹುಡುಗಿ ನಾನೇ ಎಂದು ನೀರಿನ ನಲ್ಲಿಯ ಹತ್ತಿರ ಸಾರಿಬಿಟ್ಟು, ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

“ನಾನು ಕೊಟ್ಟಿದ್ದ ಚೀಟಿ ಮರ್ತುಬಿಡು ತಂಗಿ,” ಎಂದ ಮುತುವಾ. “ಅದು ನಾನು ಕೂತ್ಕೊಂಡು ಬರೆದಿದ್ದು. ನಿಮ್ಮಮ್ಮ ನಿನ್ನ ಊರಿಗೆ ಕಳಿಸ್ತೀನಿ, ಚಿಕ್ಕಮ್ಮನ ಮನೇಲಿರು ಅಂತಿದಾಳೆ. ನಿನಗೆ ಇಷ್ಟ ಇಲ್ಲ. ನಿಜವಾಗ್ಲೂ ಹಂಗಾದ್ರೆ ಏನಂತೀಯೋ, ಅದನ್ನೇ ಅನ್ನು.”

ಬಾಗಿಲಲ್ಲಿ ರುಕಿಯಾಳ ಅಜ್ಜಿ ಜುವೇನಾ ನಿಂತಿದ್ದಳು. ಲಾಮು ದ್ವೀಪದ ಹೆಂಗಸು. ನೈರೋಬಿಗೆ ಬಂದು, ಇದೇ ಓಣಿಯ ಬಾಯಲ್ಲಿ ಮಹಮ್ರಿ ಎಂಬ ಸಿಹಿ ಬನ್ನು ಕರಿದು ಮಾರುತ್ತ ಮುದುಕಿಯಾಗಿದ್ದರೂ ಕರಾವಳಿಯ ಅಚ್ಚ ಸ್ವಾಹಿಲಿಗೆ ಒಲೆಯ ಹೊಗೆಯೂ ತಾಗದಂತೆ ನೋಡಿಕೊಂಡವಳು. ಓಣಿಯ ಹುಡುಗರ ಶೆಂಗ್ ಭಾಷೆಯ ಒಂದು ಮಾತು ಮೊಮ್ಮಗಳ ಬಾಯಲ್ಲಿ ಬಂದರೆ ಸಾಕು, ಬಾಣಲೆಯಿಂದ ಕಣ್ಣೆತ್ತದೆ ನಾಲಿಗೆ ಲೊಚಗುಟ್ಟುವಳು. ಮಾತು ನೆಟ್ಟಗಿದ್ದರೆ ಈ ಹುಡುಗಿಯಾದರೂ ಒಂದು ದಿನ ತಗಡಿನ ಮನೆಗಳನ್ನು ದಾಟಿ ಹೋದಾಳು ಎಂಬ ಆಸೆ. ಸ್ವಾಹಿಲಿ ಸಿನಿಮಾ ಎಂದು ಕೇಳಿದಾಗ ಅಜ್ಜಿ ಹಿಗ್ಗಿಹೋಗಿದ್ದಳು. ವಾರವಿಡೀ ಆ ಚೀಟಿಯನ್ನು ಓದಿಸಿ, ಒಂದೊಂದು ಉಚ್ಚಾರವನ್ನೂ ತಿದ್ದಿದ್ದಳು.

ರುಕಿಯಾ ಕಣ್ಣು ಮುಚ್ಚಿ ತೆರೆದಳು. ಭುಜ ಸಡಿಲವಾಯಿತು, ಕೈ ಸೊಂಟಕ್ಕೆ ಹೋಯಿತು.

“ಏ ಹೋಗಮ್ಮೋ. ಊರಂತೆ, ಚಿಕ್ಕಮ್ಮಂತೆ. ನಾನ್ ಎಲ್ಲಿಗೂ ಕಳಚ್ಕೊಳಲ್ಲ, ಗೊತ್ತಾಯ್ತಾ? ಇಲ್ಲೇ ಹುಟ್ಟಿರೋಳು, ಇಲ್ಲೇ…”

ಬಾಗಿಲ ಕಡೆಯಿಂದ ‘ಚ್’ ಎಂದಿತು.

ಅಜ್ಜಿ ಬೇಕೆಂದು ಮಾಡಿದ್ದಲ್ಲ. ಅಷ್ಟು ವರ್ಷದ ಅಭ್ಯಾಸ, ನಾಲಿಗೆ ತಾನೇ ಮಾಡಿತು. ರುಕಿಯಾ ಅಲ್ಲಿಗೇ ನಿಂತಳು. ಕೈ ಕೆಳಗಿಳಿಯಿತು, ಬೆನ್ನು ಸೆಟೆಯಿತು. “ಅಮ್ಮಾ, ನಾನು ಇಲ್ಲಿಂದ ತೆರಳಲಾರೆ,” ಎಂದು ಮೊದಲಿಂದ ಶುರು ಮಾಡಿದಳು. ಕಡೆಯ ಅಕ್ಷರದವರೆಗೂ ಹೇಳಿದಳು.

ಅಷ್ಟರಲ್ಲಿ ಹೊರಗೆ ನಲ್ಲಿಯ ಹತ್ತಿರ ಗಲಾಟೆಯೆದ್ದಿತು. “ಯಾವಳೇ ಅದು ನನ್ ಕ್ಯಾನ್ ಹಿಂದಕ್ಕಿಟ್ಟೋಳು? ಬೆಳಗ್ಗೆಯಿಂದ ನಾನೇನ್ ಇಲ್ಲಿ ಕಂಬಕ್ಕೆ ಕಾವಲು ನಿಂತಿದ್ನಾ? ಬಾರೇ ಈಚೆ, ಮುಖ ನೋಡ್ತೀನಿ ನಿಂದು.” ಪಕ್ಕದ ಓಣಿಯ ಮೊರಾ. ಹುಡುಗಿಯರೆಲ್ಲ ಕಿಟಕಿಗೆ ಮುಗಿಬಿದ್ದರು. ಮುತುವಾ ತಲೆಯೆತ್ತಿ ಕೇಳಿಸಿಕೊಂಡ. ಆಮೇಲೆ ಎದ್ದು ತಾನೇ ಹೊರಗೆ ಹೋದ. ಅರ್ಧ ಗಂಟೆಯಲ್ಲಿ ಪಾತ್ರ ಮೊರಾಳದಾಯಿತು. ಅವಳು ಕೇಳಿದ್ದು ಒಂದೇ: “ಸಿನಿಮಾ ಮುಗಿಯೋವರೆಗೂ ನನ್ ಕ್ಯಾನ್ ಯಾರ್ ನೋಡ್ಕೋತಾರೆ?”

ಎಲ್ಲರೂ ಚದುರಿದ ಮೇಲೆ ಜುವೇನಾ ಅಜ್ಜಿ ಮುತುವಾನ ಬಳಿಗೆ ಹೋದಳು. “ಮಗೂ, ನಾನು ಕಲಿಸಿದ್ದರಲ್ಲಿ ದೋಷವೇನಾದರೂ ಇತ್ತೇ?”

“ಅಯ್ಯೋ, ಇಲ್ಲಜ್ಜಿ. ಅಷ್ಟು ಚೆಂದದ ಸ್ವಾಹಿಲಿ ನಮ್ಮ ಮೇಷ್ಟ್ರಿಗೂ ಬರ್ತಿರಲಿಲ್ಲ. ಆದ್ರೆ ನನ್ನ ಕಥೆ ಹುಡುಗಿ ಇಲ್ಲೇ ಬೆಳೆದೋಳು.”

“ಇವಳೂ ಇಲ್ಲೇ ಬೆಳೆದವಳಪ್ಪಾ.”

“ಗೊತ್ತು. ಮಧ್ಯೆ ಒಂದ್ ಸಲ ಶುರು ಮಾಡಿದ್ಲಲ್ಲ, ಸೊಂಟದ ಮೇಲೆ ಕೈಯಿಟ್ಟು. ಇವಳೇ ಅಂತ ತೀರ್ಮಾನ ಮಾಡಿದ್ದೆ ಅಜ್ಜಿ. ಏನಾಯ್ತೋ, ನಿಲ್ಲಿಸ್ಬಿಟ್ಲು. ಯಾಕೆ ಅಂತ ನಿಮಗೇನಾದ್ರೂ ಗೊತ್ತಾಯ್ತಾ?”

ಅಷ್ಟು ಸಣ್ಣ ಸದ್ದು ಅವನಿಗೆ ಕೇಳಿಸಿರಲಿಲ್ಲ. ಅಜ್ಜಿ ತಲೆಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡು ಹೊರಗೆ ಬಂದಳು.

ಚರಂಡಿಯ ಪಕ್ಕದ ಕಿರುದಾರಿಯಲ್ಲಿ ರುಕಿಯಾ ಮುಂದೆ ನಡೆಯುತ್ತಿದ್ದಳು. ಎಂದಿನಂತೆ ಎದುರು ಸಿಕ್ಕವರನ್ನೆಲ್ಲ ಕೂಗಿ ಮಾತಾಡಿಸಲಿಲ್ಲ. ಅಜ್ಜಿ ಏದುಸಿರು ಬಿಡುತ್ತ ಅವಳ ಬೆನ್ನಿಗೇ ಬಂದಳು. ಆಮೇಲೆ, ತನ್ನ ಜನ್ಮದಲ್ಲಿ ಆಡದಿದ್ದ ಶೆಂಗ್‌ನಲ್ಲಿ, ಅಡಿಗಡಿಗೆ ಎಡವುತ್ತ, “ಏ… ಬೈಕೊಳೇ ನನ್ನ. ಸುಮ್ಕಿರ್ಬ್ಯಾಡ. ಬಾಯಿಗ್… ಬಾಯಿಗ್ ಬಂದಂಗ್ ಬೈಕೋ,” ಎಂದಳು.

ರುಕಿಯಾ ನಿಂತು ತಿರುಗಿದಳು. ಅಜ್ಜಿಯ ಮೊಣಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

“ತಮ್ಮ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ, ಅಜ್ಜಿ. ಹಾದಿ ಜಾರುತ್ತಿದೆ, ತಾವು ನಿಧಾನವಾಗಿ ನಡೆಯಿರಿ.”

ತಿದ್ದಲು ಆ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ.