ಬಡಗಿಯ ರಬ್ಬರ್ ಸೂಟು

"ಸುತ್ತಳತೆ ಎರಡು ಇಂಚು ಕಡಿಮೆ ಇಟ್ಟು ಹೊಲಿಯಿರಿ," ಎಂದಳು ಬಡಗಿಯ ಹೆಂಡತಿ. ಅಂಗಡಿಯಲ್ಲಿ ದರ್ಜಿ ಹೆಂಗಸನ್ನು ಬಿಟ್ಟರೆ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿಯೇ ಹೇಳಿದಳು. ಸಮುದ್ರದಲ್ಲಿ ಮುಳುಗಿ ಈಟಿಯಿಂದ ಮೀನು ಹೊಡೆಯುವವರ ರಬ್ಬರ್ ಸೂಟುಗಳು ಅವರ ತಲೆಯ ಮೇಲೆ ಸಾಲಾಗಿ ನೇತಾಡುತ್ತ, ಫ್ಯಾನಿನ ಗಾಳಿಗೆ ಮೆಲ್ಲಗೆ ಕಾಲಾಡಿಸುತ್ತಿದ್ದವು.

"ಎರಡು ಇಂಚಾ? ಮೈಗೆ ಏರೋದೇ ಇಲ್ಲ, ಅಕ್ಕಾ."

"ಏರಬಾರದು ಅಂತಾನೇ ಹೇಳ್ತಿರೋದು. ಏರಲಿಲ್ಲ ಅಂದ್ರೆ, ಹೊಟ್ಟೆ ಬಂತು, ವಯಸ್ಸಾಯ್ತು, ಇನ್ನು ಸಮುದ್ರ ಸಾಕು ಅಂತ ಅವರೇ ಅಂದ್ಕೊಳ್ತಾರೆ. ನಾನು ಬಾಯಿಬಿಟ್ಟು ಹೇಳಿದ್ರೆ ಕೇಳೋ ಆಸಾಮಿನಾ ಅದು?"

"ಆಮೇಲೆ ಬೈಸ್ಕೊಳ್ಳೋಳು ನಾನು."

"ಬೈಸ್ಕೊಳ್ಳಿ. ಮೂವತ್ತೆಂಟು ವರ್ಷದಿಂದ ಬೈಸ್ಕೊಂಡು ನಾನೇನು ಸವೆದು ಹೋದ್ನಾ?" ಬಡಗಿಯ ಹೆಂಡತಿ ಸ್ಟೂಲಿನ ಮೇಲೆ ಕೂತಳು. "ಅವರು ಮುಳುಗಿದ ಕೂಡ್ಲೇ ದಡದಲ್ಲಿ ನಾನೂ ಉಸಿರು ಹಿಡಿದು ಕೂರ್ತೀನಿ. ಮದುವೆಯಾದಾಗಿಂದ ಹಾಗೇ. ಹೋದ ಸಲ ನನ್ನ ಉಸಿರು ಮುಗೀತು. ಇನ್ನೊಂದು ತಗೊಂಡೆ, ಅದೂ ಮುಗೀತು. ಆಮೇಲೆ ಎದ್ರು. ತುಟಿ ನೀಲಿಯಾಗಿತ್ತು. ನಗ್ತಾ ಇದ್ರು." ಸ್ಟೂಲನ್ನು ದರ್ಜಿಯ ಹತ್ತಿರಕ್ಕೆ ಎಳೆದುಕೊಂಡಳು. "ಅವರನ್ನ ಕರೆಸಿ ಅಳೀಬೇಡಿ. ಮೂರು ವರ್ಷದ ಹಿಂದಿನ ಚೀಟಿ ನಿಮ್ಮ ಹತ್ರ ಇದೆಯಲ್ಲ, ಅದರಲ್ಲೇ ಕಡಿಮೆ ಮಾಡಿ."

ದರ್ಜಿ ಹಳೆಯ ಚೀಟಿಯನ್ನು ಹುಡುಕಿ ತೆಗೆದಳು. ಎದೆ, ಹೊಟ್ಟೆ, ಸೊಂಟ, ತೊಡೆ. ಎಲ್ಲದರಿಂದಲೂ ಎರಡೆರಡು ಇಂಚು ಕಳೆದು ರಬ್ಬರ್ ಹಾಳೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಗೊತ್ತಿದ್ದೂ ಕೆಟ್ಟದಾಗಿ ಹೊಲಿಯುತ್ತಿರುವುದು ಇದೇ ಮೊದಲು ಎಂದು ಅವಳ ಕೈಗೆ ಅನ್ನಿಸುತ್ತಲೇ ಇತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬಂದರು. ಕಿಟಕಿಯ ಗಾಜಿಗೆ ನೀಲಿ ಬಣ್ಣ ಬಳಿದಿದ್ದರಿಂದ ಆ ಹೊತ್ತಿನಲ್ಲಿ ಅಂಗಡಿಯ ಬೆಳಕೆಲ್ಲ ನೀಲಿ. ಬಡಗಿ ಅದರೊಳಗೆ ನಿಧಾನವಾಗಿ ಓಡಾಡುತ್ತ ತನಗೆ ಬೇಕಾದ್ದನ್ನು ಆರಿಸತೊಡಗಿದ. ಕಾಲಿಗೆ ಕಟ್ಟುವ ಈಜುರೆಕ್ಕೆಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ, ಅದು ಹಿಂದಕ್ಕೆ ಚಿಮ್ಮುವ ಸದ್ದು ಕೇಳಿದ. ಗಾಜಿನ ಮಾಸ್ಕನ್ನು ಪಟ್ಟಿಯಿಲ್ಲದೆ ಮುಖಕ್ಕೆ ಒತ್ತಿ, ಮೂಗಿನಲ್ಲಿ ಉಸಿರೆಳೆದು ಕೈ ಬಿಟ್ಟ. ಅದು ಬೀಳದೆ ಹಾಗೇ ನಿಂತಿತು. ಅವನೂ ಹಾಗೇ ನಿಂತ. ಗಾಜಿನ ಹಿಂದಿನಿಂದ ಇಬ್ಬರು ಹೆಂಗಸರನ್ನೂ ಯಾವುದೋ ಆಳದಲ್ಲಿ ಕಂಡ ಹೊಸ ಜಾತಿಯ ಮೀನುಗಳೋ ಎಂಬಂತೆ ನೋಡಿದ.

"ತೆಗೀರಿ ಅದನ್ನ. ಉಸಿರಾಡಿ," ಎಂದಳು ಹೆಂಡತಿ. "ಆ ಕೆಂಪು ಟೋಪಿ ತಗೊಳ್ಳಿ. ದಡದಿಂದ ಕಾಣ್ಸುತ್ತೆ."

"ನಿನಗೆ ಕಾಣ್ಸಿದ್ದು ಮೀನಿಗೆ ಕಾಣ್ಸಲ್ವಾ? ನಿನಗಿಂತ ಅದಕ್ಕೆ ಕಣ್ಣು ಚುರುಕು ಕಣೇ." ಅವನು ಪಾಚಿ ಬಣ್ಣದ ಟೋಪಿಯನ್ನು ಎತ್ತಿಕೊಂಡ. ಸೊಂಟಪಟ್ಟಿಗೆ ಪೋಣಿಸುವ ಸೀಸದ ಬಿಲ್ಲೆಗಳಲ್ಲಿ ಆರು ತೆಗೆದು, ಎರಡನ್ನು ವಾಪಸಿಟ್ಟ. "ನಾಲ್ಕು ಸಾಕು. ಈಚೆಗೆ ಭಾರ ಬೇಕಾಗ್ತಾನೇ ಇಲ್ಲ. ನೀರು ತಾನಾಗೇ ಒಳಗೆ ಕರ್ಕೊಳ್ಳುತ್ತೆ."

ಕೊನೆಗೆ ಸೂಟನ್ನು ಹೆಗಲ ಮೇಲೆ ಹಾಕಿಕೊಂಡು ಪರದೆಯ ಹಿಂದೆ ಹೋದ. ಬಿಗಿ ರಬ್ಬರ್ ಜಾರಲೆಂದು ಅಲ್ಲಿ ಸೋಪಿನ ನೀರಿನ ಬಾಟಲಿ ಇಟ್ಟಿದ್ದರು. ಹೆಂಡತಿ ಸ್ಟೂಲಿನ ತುದಿಯಲ್ಲಿ ಕೂತು, ಅವನು ಏದುಸಿರು ಬಿಡುವುದನ್ನೇ, ಬೈಯುವುದನ್ನೇ ಕಾದಳು. ದರ್ಜಿ ಕತ್ತರಿಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಇಟ್ಟಳು.

ಪರದೆ ಸರಿಯಿತು. ಕತ್ತಿನಿಂದ ಹಿಮ್ಮಡಿಯವರೆಗೆ ಸೂಟು ತೊಟ್ಟು ಬಡಗಿ ಹೊರಗೆ ಬಂದು ಕನ್ನಡಿಯ ಮುಂದೆ ನಿಂತ.

"ಸೋಪಿನ ನೀರು ಮುಟ್ಟಲೇ ಇಲ್ಲ ನೋಡಿ," ಎಂದ ದರ್ಜಿಗೆ. "ಹೆಂಗಸರು ಸೀರೆ ಉಟ್ಟಷ್ಟು ಹೊತ್ತೂ ಹಿಡೀಲಿಲ್ಲ. ಹಳೇದಿತ್ತಲ್ಲ, ಅದು ಹಿಗ್ಗಿ ಹಿಗ್ಗಿ ಗೋಣಿಚೀಲ ಆಗಿತ್ತು. ಒಳಗೆಲ್ಲ ನೀರು, ಥಂಡಿ. ಹೋದ ಸಲ ನಡುಗಿಬಿಟ್ಟೆ. ಇದು ಹೇಗಿದೆ ನೋಡಿ. ನನ್ನ ಚರ್ಮಾನೇ."

ರಬ್ಬರ್ ಸೂಟು ಹಳತಾದಷ್ಟೂ ಗಟ್ಟಿಯಾಗಿ ಕುಗ್ಗುತ್ತದೆ, ಹಿಗ್ಗುವುದಿಲ್ಲ. ಅದು ದರ್ಜಿಗೆ ಗೊತ್ತಿತ್ತು. ಅವಳು ಬಡಗಿಯ ಹೆಂಡತಿಯ ಕಡೆ ನೋಡಲಿಲ್ಲ.

"ನಾನು ಹೇಳಿದ ಹಾಗೇ ಹೊಲಿದ್ರಿ ತಾನೇ?" ಬಡಗಿಯ ಹೆಂಡತಿ ಕೇಳಿದಳು.

"ಹೂಂ. ನೀವು ಹೇಳಿದಷ್ಟೇ."

"ಏನು ಹೇಳಿದ್ದೆ ನೀನು?" ಎಂದ ಬಡಗಿ, ಕನ್ನಡಿಯಿಂದ ಕಣ್ಣು ಕೀಳದೆ.

"ಏನಿಲ್ಲ. ಚೆನ್ನಾಗಿ ಹೊಲಿಯಿರಿ ಅಂದಿದ್ದೆ."

ಅವಳು ಎದ್ದು ಅವನ ಹಿಂದೆ ಹೋಗಿ ನಿಂತಳು. ಕತ್ತಿನ ಪಟ್ಟಿಯಿಂದ ಕೆಳಗೆ, ಬೆನ್ನಿನ ಉದ್ದಕ್ಕೂ, ಅಂಗೈ ಇಳಿಸುತ್ತ ಬಂದಳು. ಪ್ರತಿದಿನ ಎಣ್ಣೆ ಹಚ್ಚಿದ ಬೆನ್ನೇ ಅದು. ಪ್ರತಿದಿನ ನೋಡಿದ್ದಕ್ಕೇ ಏನೋ, ಅದು ಸೊರಗಿದ್ದು ಕಂಡಿರಲಿಲ್ಲ. ಸೊಂಟದ ಹತ್ತಿರ ಅವಳ ಬೆರಳು ನಿಂತವು.

"ಸರಿಯಾಗಿದೆಯಾ?" ಎಂದು ಅವನು ಕೇಳಿದ.

"ಸರಿಯಾಗಿದೆ."

ನೀಲಿ ಬೆಳಕಿನ ಕನ್ನಡಿಯೊಳಗೆ ಅವನು ಎರಡೂ ಕೈ ಚಾಚಿ, ಒಂದೊಂದಾಗಿ ಹಿಂದಕ್ಕೆಳೆದುಕೊಳ್ಳುತ್ತ, ಕಣ್ಣು ಅರೆಮುಚ್ಚಿ ಈಜುತ್ತಿದ್ದ. ಅವನ ಬೆನ್ನ ಹಿಂದೆ, ಅವಳ ಎರಡು ಬೆರಳಿನ ನಡುವೆ, ಆ ಸೂಟಿನಲ್ಲೂ ಇನ್ನೊಂದು ಮಡಿಕೆಯಷ್ಟು ರಬ್ಬರ್ ಮಿಕ್ಕಿತ್ತು.