ಬದಲಿ ಮಂಡಿ

ಕಾಲೇಜಿನ ಖೋ-ಖೋ ಕೋಚ್ ಚಿಕ್ಕಲಿಂಗಯ್ಯ ಹತ್ತನೇ ಕ್ಲಾಸಿನ ರಂಜಿತಾಳ ಮಂಡಿಗಳನ್ನು ಒತ್ತಿ ನೋಡಿ, ಸೀಟು ಖಾತ್ರಿ ಎಂದರು. ಫೀಸಿಲ್ಲ, ಹಾಸ್ಟೆಲ್ಲೂ ಪುಕ್ಕಟೆ. ತಾಯಿ ಸಾಕಮ್ಮ ಸಂತೋಷಕ್ಕೆ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಕೋಚ್ ಫಾರಂ ತಿರುವಿದರು. "ಎರಡ್ನೇ ವರ್ಷಕ್ಕೆ ಇವಳ ಮಂಡಿ ಸವೆದೋಯ್ತವೆ ಸಾಕಮ್ಮೋರೆ. ಆಗ ಯಾರ ಮಂಡಿ ಹಾಕ್ಸೋದು? ಹೆಸರು ಹೇಳಿ."

"ಎಲ್ರೂ ಹಾಕ್ಸೋ ಹಂಗೇ ಸಾ, ತಂಗೀದು. ಮೇಘಶ್ರೀ ಅಂತ, ಆರ್ನೇ ಕ್ಲಾಸು. ಅವ್ಳಿಗೆ ಆಟ ಗೀಟ ಏನೂ ಬರಾಕಿಲ್ಲ."

"ಒಳ್ಳೇದೇ ಆಯ್ತು. ಮಂಡಿ ಹೊಸಾವು ಇದ್ದಂಗೇ ಇರ್ತವೆ."

ಸಾಕಮ್ಮ ಸಹಿ ಹಾಕಿದಳು. ಕೋಚ್ ಬೈಕು ಹತ್ತಿ ಹೋದರು. ಅವರನ್ನು ಕಳಿಸಿ ತಿರುಗಿದರೆ, ಅಂಗಳದಲ್ಲಿ ಮೇಘಶ್ರೀ ಹಗ್ಗ ಹಿಡಿದು ಎಣಿಸುತ್ತಾ ಜಿಗಿಯುತ್ತಿದ್ದಳು.

ಸಾಕಮ್ಮ ಓಡಿಹೋಗಿ ಹಗ್ಗ ಕಿತ್ತುಕೊಂಡಳು.

"ಕುಣೀಬ್ಯಾಡ ಕಣೇ! ಅಕ್ಕನ ಮಂಡಿ ಸವೆದೋಯ್ತವೆ."