ಆಚೆ ಗುಡ್ಡದ ಗೌಜಲಹಕ್ಕಿ

ಹಕ್ಕಿಗಳಿಲ್ಲದ ಆ ಕಾಲದಲ್ಲಿ ನೀಲವ್ವನ ಕೆಲಸ ಕೂಗಿಸಿ ಕಾಯುವುದು. ದಿನಾ ಬೆಳಗ್ಗೆ ಗುಡ್ಡ ಹತ್ತಿ, ಗೌಜಲಹಕ್ಕಿಯ ಕೂಗನ್ನು ಸ್ಪೀಕರಿನಲ್ಲಿ ಹಾಕಿ, ಎಲ್ಲಾದರೂ ಉಳಿದಿರಬಹುದಾದ ಹಕ್ಕಿಯ ಉತ್ತರಕ್ಕೆ ಕಿವಿಗೊಟ್ಟು ಕೂರುತ್ತಿದ್ದಳು. ನಾಡಿನ ಎಲ್ಲ ಗುಡ್ಡಗಳಿಗೂ ಹಂಚಿದ್ದು ಅದೊಂದೇ ಹಳೆಯ ರೆಕಾರ್ಡಿಂಗು. ಕೂಗಿನ ಕೊನೆಗೆ, ಅಂದು ಅದನ್ನು ರೆಕಾರ್ಡ್ ಮಾಡಿದ ಪುಣ್ಯಾತ್ಮ ಸೀನಿದ್ದೂ ಅದರಲ್ಲಿತ್ತು.

ಒಂದು ದಿನ ಗಾಳಿ ದಿಕ್ಕು ಬದಲಿಸಿತ್ತು. ಅವಳು ಗುಂಡಿ ಒತ್ತುವ ಮೊದಲೇ ಆಚೆ ಗುಡ್ಡದಿಂದ ಸಣ್ಣಗೆ ಕೂಗು ಬಂತು. ಜೊತೆಗಾರ ರಾಜೇಸಾಬ ಮೈಕು ಹಿಡಿದು ಅದನ್ನು ರೆಕಾರ್ಡ್ ಮಾಡಿಕೊಂಡ.

“ಗೌಜಲಹಕ್ಕಿನ ಐತಿ! ಊರಿಗೆಲ್ಲ ಬೆಲ್ಲ ಹಂಚೂಣು ನಡಿಯಕ್ಕಾ.”

“ತಡಿಯೋ, ಪೂರ್ತಿ ಕೇಳೂಣು.”

ನೀಲವ್ವ ಹೆಡ್‌ಫೋನು ಹಾಕಿಕೊಂಡು, ಗಾಳಿಯ ಮೊರೆತ ತಗ್ಗಿಸಿ, ಮತ್ತೆ ಮತ್ತೆ ಕೇಳಿದಳು. ಅದೇ ಕೂಗು, ನೂಲಿನೆಳೆಯಷ್ಟು ಸಣ್ಣಗೆ. ಅದರ ಬೆನ್ನಿಗೇ ಅದೇ ಸೀನು.

ಹೆಡ್‌ಫೋನನ್ನು ಅವನ ಕಿವಿಗಿಟ್ಟಳು. ಕೇಳಿದ ರಾಜೇಸಾಬ ಮೈಕನ್ನು ಚೀಲಕ್ಕೆ ಹಾಕಿದ.

“ಅಲ್ಲೂ ನಮ್ಮಂಥವರ ಅದಾರಲ್ಲಕ್ಕಾ. ಸ್ಪೀಕರ್ ಕಟ್ಟಿಡು, ಹೋಗೂಣು.”

“ಅವರು ಕಾಯಾಕತ್ತಿರ್ತಾರೋ,” ಎಂದು ನೀಲವ್ವ ಗುಂಡಿ ಒತ್ತಿದಳು. ಗೌಜಲಹಕ್ಕಿ ಗುಡ್ಡ ತುಂಬ ಕೂಗಿತು. ಸೀನು ಬರುವ ಮುಂಚೆಯೇ ಅವಳು ಅದನ್ನು ನಿಲ್ಲಿಸಿದಳು.